ಮರಳಲೊಲ್ಲದವರ ಲೆಕ್ಕ

ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದ ಅನೇಕ ಉಕ್ರೇನಿಯನ್ನರು ಊರಿಗೆ ಮರಳಲು ಒಪ್ಪಲಿಲ್ಲ. ನಾಜಿಗಳ ಜೊತೆ ಸೇರಿದ ತಪ್ಪಿತಸ್ಥರಿಗಷ್ಟೇ ಹೆದರಿಕೆ ಎಂಬುದು ಮಾಸ್ಕೋದ ವಾದ. 1945ರ ಯಾಲ್ಟಾ ಒಪ್ಪಂದದ ಹೆಸರಿನಲ್ಲಿ ಬ್ರಿಟನ್, ಅಮೆರಿಕಗಳೂ ಸೋವಿಯತ್ ಪ್ರಜೆಗಳನ್ನು ಬಲವಂತವಾಗಿ ಹಿಂದಕ್ಕೆ ಕಳಿಸಿದವು. ಆದರೆ ಮರಳಲೊಪ್ಪದವರಲ್ಲಿ ಒಬ್ಬರಾದ ಇವಾನ್ ಬಹ್ರಿಯಾನಿ ಎಂಬ ಉಕ್ರೇನಿಯನ್ ಲೇಖಕರ ಬದುಕಿನ ಇಸವಿಗಳನ್ನು ಗಮನಿಸಿ. 1906ರಲ್ಲಿ ಉಕ್ರೇನಿನ ಓಖ್ತಿರ್ಕಾದಲ್ಲಿ ಹುಟ್ಟಿದ ಅವರನ್ನು ಸೋವಿಯತ್ ಆಡಳಿತ ಬಂಧಿಸಿದ್ದು 1932ರಲ್ಲಿ. ಆಮೇಲೆ ಸೈಬೀರಿಯದಾಚೆಯ ದೂರಪೂರ್ವಕ್ಕೆ ಗಡೀಪಾರು, 1938ರಲ್ಲಿ ಮತ್ತೆ ಸೆರೆಮನೆ. ಹಿಟ್ಲರನ ಸೇನೆ ಉಕ್ರೇನಿಗೆ ನುಗ್ಗಿದ್ದು 1941ರಲ್ಲಿ. ಅಂದರೆ ಈ ಭಯಕ್ಕೆ ಜರ್ಮನರ ಪರಿಚಯಕ್ಕಿಂತ ಹೆಚ್ಚು ವಯಸ್ಸಾಗಿತ್ತು. ತಾನೇಕೆ ಸೋವಿಯತ್ ಒಕ್ಕೂಟಕ್ಕೆ ಹಿಂದಿರುಗುವುದಿಲ್ಲ ಎಂದು ಅವರು 1946ರಲ್ಲಿ ಕಿರುಹೊತ್ತಿಗೆಯನ್ನೇ ಬರೆದರು.

ಹಾಗಾದರೆ ನಾಜಿಗಳ ಜೊತೆ ಸೇರಿದವರು ಇರಲಿಲ್ಲವೇ? ಇದ್ದರು, ನಾಜಿಗಳ ಎಸ್‌ಎಸ್‌ಗೆ ಸೇರಿದ ಗಲೀಷಿಯಾ ಎಂಬ ಉಕ್ರೇನಿಯನ್ ಪಡೆಯ ಸಾವಿರಾರು ಮಂದಿ 1947ರಲ್ಲಿ ಬ್ರಿಟನ್ ಸೇರಿದ್ದೂ ನಿಜ, ಅವರಲ್ಲಿ ಹಲವರು ಸರಿಯಾದ ವಿಚಾರಣೆಯಿಲ್ಲದೆ ಪಾರಾದದ್ದೂ ನಿಜ. ಅದನ್ನು ಮುಚ್ಚಿಟ್ಟು ಬರೆಯುವ ಇತಿಹಾಸಕ್ಕೆ ಬೆಲೆಯಿಲ್ಲ. ಆದರೆ ಉಕ್ರೇನಿನಿಂದ ಜರ್ಮನಿಯ ಕಾರ್ಖಾನೆ, ಹೊಲಗಳಿಗೆ ದುಡಿಯಲು ಸಾಗಿಸಲಾದವರು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಒಂದು ಪಡೆಯ ಪಾಪವನ್ನು ಅವರೆಲ್ಲರ ತಲೆಗೆ ಕಟ್ಟುವುದು ಮಾಸ್ಕೋಗೆ ಅನುಕೂಲವಾಗಿತ್ತು, ಅಷ್ಟೇ. ಬಹ್ರಿಯಾನಿ ನೊಯ್-ಉಲ್ಮ್‌ನಲ್ಲಿ ಪತ್ರಿಕೆ ನಡೆಸುತ್ತ ಉಳಿದು 1963ರಲ್ಲಿ ತೀರಿಕೊಂಡರು. ಸ್ವತಂತ್ರ ಉಕ್ರೇನ್ ಅವರಿಗೆ ಶೆವ್‌ಚೆಂಕೊ ಪ್ರಶಸ್ತಿ ಕೊಟ್ಟದ್ದು 1992ರಲ್ಲಿ.