ಮನೆಯ ಮೀಟರಿನ ಲೆಕ್ಕ: ಸತುವಿನ ಫಲಕದಿಂದ ಮುಕ್ತ ತಂತ್ರಾಂಶದವರೆಗೆ

ಶರಾವತಿಯ ನೀರು ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಕೊನೆಯ ಬಾರಿ ಟರ್ಬೈನುಗಳನ್ನು ತಿರುಗಿಸಿ ಕಡಲಿನತ್ತ ಸಾಗುತ್ತದೆ. 240 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರದಲ್ಲಿ ಉತ್ಪಾದನೆಯ ಮೇಲೆ ಸದಾ ನಿಗಾ ಇರುತ್ತದೆ. ಪಕ್ಕದ ಭಟ್ಕಳ ತಾಲ್ಲೂಕಿನ ಮುಟ್ಟಳ್ಳಿಯ ಮನೆಗಳಲ್ಲಾದರೋ ಬಳಕೆ ಎಷ್ಟೆಂದು ತಿಳಿಯುವುದು ತಿಂಗಳಿಗೊಮ್ಮೆ, ಹೆಸ್ಕಾಂ ಬಿಲ್ಲು ಬಂದಾಗ. 2023ರ ಜುಲೈನಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಾಗ ಈ ವಿಳಂಬಕ್ಕೆ ಬೆಲೆಯೂ ಬಂತು. 2022-23ರ ಮಾಸಿಕ ಸರಾಸರಿಗೆ ಶೇ. 10 ಸೇರಿಸಿ ಉಚಿತ ಮಿತಿಯನ್ನು ನಿಗದಿಪಡಿಸಲಾಯಿತು. ಮಿತಿ ಮೀರಿದ ಯೂನಿಟ್‌ಗಳಿಗೆ ಹಣ ಕೊಡಬೇಕು. ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಬಿಲ್ಲು ಕೈಗೆ ಬಂದ ಮೇಲೆ ಎಚ್ಚರಗೊಂಡು ಪ್ರಯೋಜನವಿಲ್ಲ!

ಮೀಟರಿನ ಲೆಕ್ಕವನ್ನು ಯಾರು ಓದಬಲ್ಲರು ಎಂಬ ಪ್ರಶ್ನೆ ಮೀಟರಿನಷ್ಟೇ ಹಳೆಯದು. 1880ರ ದಶಕದ ಆರಂಭದಲ್ಲಿ ಎಡಿಸನ್ ಬಳಕೆಗೆ ತಂದ ಮೀಟರು ಒಂದು ರಾಸಾಯನಿಕ ಕೋಶ. ಸತುವಿನ ಸಲ್ಫೇಟ್ ದ್ರಾವಣದಲ್ಲಿ ಸತುವಿನ ಫಲಕಗಳಿರುತ್ತಿದ್ದವು. ಮನೆಗೆ ಹರಿಯುವ ಪ್ರವಾಹದ ಅಲ್ಪಾಂಶ ಅವುಗಳ ಮೂಲಕ ಹಾಯುತ್ತಿತ್ತು. ಕಂಪನಿಯವರು ಫಲಕವನ್ನು ಒಯ್ದು ತೂಗಿ, ತೂಕದ ವ್ಯತ್ಯಾಸದಿಂದ ಬಿಲ್ಲು ಮಾಡುತ್ತಿದ್ದರು. ಫ್ಯಾರಡೆಯ ನಿಯಮದ ಸೊಗಸಾದ ಬಳಕೆಯೇನೋ ಹೌದು. ಆದರೆ ಮನೆಯವರಿಗೆ ಅದರಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ.

ಲೆಕ್ಕವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ತಿರುಗುವ ತಟ್ಟೆ. 1885ರಲ್ಲಿ ಇಟಲಿಯ ಟ್ಯುರಿನ್‌ನಲ್ಲಿ ಗೆಲಿಲಿಯೊ ಫೆರಾರಿಸ್ ಎಂಬ ಭೌತವಿಜ್ಞಾನಿ, ಪ್ರಾವಸ್ಥಾ ವ್ಯತ್ಯಾಸವಿರುವ ಎರಡು ಪ್ರವಾಹಗಳಿಂದ ತಿರುಗುವ ಕಾಂತಕ್ಷೇತ್ರ ಪಡೆಯಬಹುದೆಂದು ತೋರಿಸಿದರು. 1889ರಲ್ಲಿ ಬುಡಾಪೆಸ್ಟ್‌ನ ಗಾಂಜ್ ಕಾರ್ಖಾನೆಯ ಒಟ್ಟೊ ಬ್ಲಾಥಿ ಇದೇ ತತ್ತ್ವದ ಮೇಲೆ ಮೀಟರು ರಚಿಸಿದರು. ತಟ್ಟೆಯನ್ನು ತಿರುಗಿಸುವುದು ಸುಳಿ ವಿದ್ಯುತ್‌ಪ್ರವಾಹ, ತಡೆಯುವುದು ಶಾಶ್ವತ ಕಾಂತ. ಹೀಗಾಗಿ ತಟ್ಟೆಯ ವೇಗ ಸಾಮರ್ಥ್ಯಕ್ಕೆ ನೇರ ಅನುಪಾತದಲ್ಲಿರುತ್ತದೆ. ಯೂನಿಟ್ಟಿಗೆ 600 ಸುತ್ತು ಎಂದು ನಮೂದಿಸಿದ ಮೀಟರಿನಲ್ಲಿ ಒಂದು ಸುತ್ತಿಗೆ 6 ಸೆಕೆಂಡು ಹಿಡಿದರೆ ಮನೆಯಲ್ಲಿ ಆಗ 1 ಕಿಲೋವಾಟ್ ಬಳಕೆಯಾಗುತ್ತಿದೆ ಎಂದರ್ಥ. ಇಷ್ಟಕ್ಕೆ ಕೈಗಡಿಯಾರ ಸಾಕು.

ಇಲೆಕ್ಟ್ರಾನಿಕ್ ಮೀಟರಿನಲ್ಲಿ ತಟ್ಟೆ ಮಾಯವಾಗಿ ಕೆಂಪು ದೀಪ ಬಂತು. ಗುಣಾಕಾರವೆಲ್ಲ ಮುಚ್ಚಿದ ಚಿಪ್ಪಿನೊಳಗೆ ನಡೆಯುತ್ತದೆ; ದೀಪದ ಮಿಣುಕು ಮಾತ್ರ ಹೊರಗೆ. ಆದರೂ ಯೂನಿಟ್ಟಿಗೆ 3200 ಮಿಣುಕು ಎಂದು ಬರೆದಿರುವಲ್ಲಿ 10 ಮಿಣುಕಿಗೆ 45 ಸೆಕೆಂಡಾದರೆ ಬಳಕೆ 250 ವಾಟ್. ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬೇಕು.

ದಿನವಿಡೀ ಮಿಣುಕು ಎಣಿಸುತ್ತ ಕೂರಲು ಮನುಷ್ಯನಿಗೆ ಸಾಧ್ಯವಿಲ್ಲ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಆರ್ಡುಯಿನೊ ಎಂಬ ಅಗ್ಗದ ನಿಯಂತ್ರಕ ಫಲಕ ರೂಪುಗೊಂಡಿತು. (ಫೆರಾರಿಸರ ಟ್ಯುರಿನ್‌ನಿಂದ ಇವ್ರೆಯಾ ಸುಮಾರು 50 ಕಿ.ಮೀ. ದೂರದಲ್ಲಿದೆ ಎಂಬುದು ಸ್ವಾರಸ್ಯ.) ಅದನ್ನೇ ಆಧರಿಸಿ 2010ರ ಆಸುಪಾಸಿನಲ್ಲಿ ವೇಲ್ಸ್‌ನ ಟ್ರಿಸ್ಟನ್ ಲೀ ಮತ್ತು ಗ್ಲಿನ್ ಹಡ್ಸನ್ 'ಓಪನ್ ಎನರ್ಜಿ ಮಾನಿಟರ್' ಯೋಜನೆಯನ್ನು ಬೆಳೆಸಿದರು. ಮಂಡಲದ ನಕ್ಷೆ, ತಂತ್ರಾಂಶದ ಮೂಲ ಸಂಕೇತ ಎರಡನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ತಂತಿಯನ್ನು ಮುಟ್ಟದೆ ದ್ಯುತಿ ಸಂವೇದಕದಿಂದ ಮಿಣುಕು ಎಣಿಸುವುದು ಇದರಲ್ಲಿನ ಒಂದು ವಿಧಾನ. ಶಾಲೆಗಳಿಗೆ ಇದೇ ಸುರಕ್ಷಿತ. ತಂತಿಯ ಸುತ್ತ ಪ್ರವಾಹ ಪರಿವರ್ತಕ ತೊಡಿಸುವುದು ಇನ್ನೊಂದು. ಪ್ರವಾಹವನ್ನಷ್ಟೇ ಅಳೆದು 230ರಿಂದ ಗುಣಿಸಿದರೆ ಬಾವಿಯ ಪಂಪಿನಂಥ ಮೋಟಾರಿನ ಲೆಕ್ಕ ತಪ್ಪುತ್ತದೆ, ಏಕೆಂದರೆ ಅಲ್ಲಿ ವೋಲ್ಟೇಜಿಗಿಂತ ಪ್ರವಾಹ ಹಿಂದೆ ಬೀಳುತ್ತದೆ. ಅದಕ್ಕಾಗಿ ಈ ತಂತ್ರಾಂಶ ಎರಡನ್ನೂ ಒಟ್ಟಿಗೆ ಅಳೆದು ಕ್ಷಣಕ್ಷಣದ ಗುಣಲಬ್ಧದ ಸರಾಸರಿ ತೆಗೆಯುತ್ತದೆ. ಮೂಲ ಸಂಕೇತ ತೆರೆದಿರುವುದರಿಂದ ಆ ಹೆಜ್ಜೆಯನ್ನು ಯಾರೂ ಓದಿ ಪರೀಕ್ಷಿಸಬಹುದು. ನನ್ನ ದೃಷ್ಟಿಯಲ್ಲಿ ಅಗ್ಗದ ಬೆಲೆಗಿಂತ ಇದು ದೊಡ್ಡ ಲಾಭ.

ಒಟ್ಟು ಬಳಕೆ ತಿಳಿಯಿತು. ಅದರಲ್ಲಿ ಫ್ರಿಜ್ಜಿನ ಪಾಲೆಷ್ಟು? ಎಂಐಟಿಯಲ್ಲಿ 1980ರ ದಶಕದಲ್ಲಿ ಜಾರ್ಜ್ ಹಾರ್ಟ್ ಇದಕ್ಕೆ ದಾರಿ ತೋರಿಸಿದರು. ಉಪಕರಣಗಳನ್ನು ಹಾಕಿದಾಗ, ಆರಿಸಿದಾಗ ಒಟ್ಟು ಬಳಕೆಯಲ್ಲಿ ಕಾಣುವ ಏರಿಳಿತದ ಮೆಟ್ಟಿಲುಗಳಿಂದ ಅವುಗಳನ್ನು ಗುರುತಿಸಬಹುದು. ವೋಲ್ಟೇಜು ಸ್ಥಿರವಾಗಿಲ್ಲದಿದ್ದರೆ ಮೆಟ್ಟಿಲಿನ ಎತ್ತರವೂ ಬದಲಾಗುತ್ತದೆ: 230 ವೋಲ್ಟಿನಲ್ಲಿ 1000 ವಾಟ್ ಎಳೆಯುವ ಹೀಟರು 190 ವೋಲ್ಟಿನಲ್ಲಿ ಎಳೆಯುವುದು ಸುಮಾರು 680 ವಾಟ್ ಮಾತ್ರ. ಇದಕ್ಕೆ ತಿದ್ದುಪಡಿಯನ್ನೂ ಹಾರ್ಟ್ ಸೂಚಿಸಿದ್ದರು. 2014ರಲ್ಲಿ ದೆಹಲಿಯ ಇಂದ್ರಪ್ರಸ್ಥ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ನಿಪುಣ್ ಬಾತ್ರಾ ಮತ್ತು ಸಂಗಡಿಗರು ಇಂಥ ವಿಶ್ಲೇಷಣೆಗೆಂದು 'ಎನ್‌ಐಎಲ್‌ಎಂಟಿಕೆ' ಎಂಬ ಮುಕ್ತ ತಂತ್ರಾಂಶವನ್ನು ಪ್ರಕಟಿಸಿದರು. ಅದಕ್ಕೂ ಮೊದಲು, 2013ರಲ್ಲಿ, ದೆಹಲಿಯ ಒಂದು ಮನೆಯ 73 ದಿನಗಳ ಬಳಕೆಯನ್ನು ದಾಖಲಿಸಿ ಹಂಚಿದ್ದರು.

ಆ ಮೆಟ್ಟಿಲುಗಳನ್ನು ಓದಬಲ್ಲವರಿಗೆ ಮನೆಯವರು ಎದ್ದದ್ದು, ಮಲಗಿದ್ದು, ಊರಿಗೆ ಹೋದದ್ದು ಎಲ್ಲವೂ ತಿಳಿಯುತ್ತದೆ. ಹಾರ್ಟ್ 1989ರಲ್ಲೇ ಈ ಬಗೆಯ ಬೇಹುಗಾರಿಕೆಯ ಸಾಧ್ಯತೆ ಕುರಿತು ಪ್ರತ್ಯೇಕ ಲೇಖನ ಬರೆದರು.