ಪಕ್ಷ ಬದಲಾಯಿತು, ಕ್ಷೇತ್ರವೂ ಬದಲಾಯಿತು: ಒಬ್ಬ ಸಮಾಜವಾದಿಯ ರಾಜಕೀಯ ಪಯಣ

2008ರ ಮೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಹೂವಿನ ಹಡಗಲಿಯ ಎಂ.ಪಿ. ಪ್ರಕಾಶ್ ತಮ್ಮ ಊರಿನಲ್ಲಿ ಸ್ಪರ್ಧಿಸಲಿಲ್ಲ. ಪಕ್ಕದ ಹರಪನಹಳ್ಳಿಗೆ ಬಂದು ಕಾಂಗ್ರೆಸ್ ಅಭ್ಯರ್ಥಿಯಾಗಿ ನಿಂತರು. ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಅವರ ಎದುರು ಸೋತರು. ಎರಡು ವರ್ಷಗಳ ಹಿಂದಷ್ಟೇ ರಾಜ್ಯದ ಉಪಮುಖ್ಯಮಂತ್ರಿಯಾಗಿದ್ದವರು ಊರನ್ನೂ ಪಕ್ಷವನ್ನೂ ಬಿಟ್ಟು ಬರಬೇಕಾದದ್ದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಕರ್ನಾಟಕದ ಸಮಾಜವಾದಿ ರಾಜಕಾರಣದ ಏಳುಬೀಳಿನ ಚಿತ್ರವೇ ತೆರೆದುಕೊಳ್ಳುತ್ತದೆ.

1940ರಲ್ಲಿ ಹುಟ್ಟಿದ ಪ್ರಕಾಶ್ ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ರಂಗಕರ್ಮಿ. ರಾಮಮನೋಹರ ಲೋಹಿಯಾ ಹಾಗೂ ಶಾಂತವೇರಿ ಗೋಪಾಲಗೌಡರ ವಿಚಾರಗಳು ಯುವಕರನ್ನು ಸೆಳೆದಿದ್ದ ಕಾಲದಲ್ಲಿ ಬೆಳೆದವರು. 1983ರಲ್ಲಿ ಜನತಾ ಪಕ್ಷದಿಂದ ಹಡಗಲಿಯ ಶಾಸಕರಾದರು. 1985, 1994 ಮತ್ತು 2004ರಲ್ಲಿಯೂ ಗೆದ್ದರು. ರಾಮಕೃಷ್ಣ ಹೆಗಡೆ ಅವರ ಕಾಲದಿಂದಲೂ ಸಚಿವರಾಗಿ ಹೆಸರು ಮಾಡಿದರು. 2005ರ ಆಗಸ್ಟ್‌ನಲ್ಲಿ ಧರ್ಮಸಿಂಗ್ ಸಂಪುಟದಲ್ಲಿ ಸಿದ್ದರಾಮಯ್ಯ ಅವರ ಸ್ಥಾನಕ್ಕೆ ಉಪಮುಖ್ಯಮಂತ್ರಿಯಾಗಿ ಬಂದರು. ನಂತರ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರದಲ್ಲಿ ಗೃಹ ಖಾತೆ ನಿರ್ವಹಿಸಿದರು.

ಈ ಅವಧಿಯಲ್ಲಿ ಅವರ ವಿಚಾರಕ್ಕೆ ಆಸರೆಯಾಗಿದ್ದ ಪಕ್ಷ ಮಾತ್ರ ಒಂದೇ ಆಗಿ ಉಳಿಯಲಿಲ್ಲ. ಜನತಾ ಪಕ್ಷ 1988ರಲ್ಲಿ ಜನತಾದಳದಲ್ಲಿ ಲೀನವಾಯಿತು. ಜನತಾದಳ 1999ರಲ್ಲಿ ಒಡೆಯಿತು. ಇದೇ ಕಾಲದ ಪಶ್ಚಿಮ ಜರ್ಮನಿಯ ಜತೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ 1959ರಲ್ಲಿ ಬಾಡ್ ಗೋಡೆಸ್‌ಬರ್ಗ್ ಅಧಿವೇಶನದಲ್ಲಿ ತನ್ನ ಸಿದ್ಧಾಂತವನ್ನೇ ಪರಿಷ್ಕರಿಸಿಕೊಂಡಿತು. ಆದರೆ ಪಕ್ಷ ಒಡೆಯಲಿಲ್ಲ. ವಿಲ್ಲಿ ಬ್ರಾಂಟ್ 1964ರಿಂದ 1987ರವರೆಗೆ ಅದರ ಅಧ್ಯಕ್ಷರಾಗಿದ್ದರು. ನಡುವೆ 1974ರಲ್ಲಿ ಪ್ರಧಾನಿ ಸ್ಥಾನಕ್ಕೆ ಸಮಾನವಾದ ಚಾನ್ಸಲರ್ ಹುದ್ದೆ ಬಿಟ್ಟರೂ ಪಕ್ಷದ ಚುಕ್ಕಾಣಿ ಅವರ ಕೈಯಲ್ಲೇ ಇತ್ತು. ನಮ್ಮ ಸಮಾಜವಾದಿಗಳಿಗೆ ಅಂಥ ಭದ್ರ ಮನೆ ದೊರೆಯಲಿಲ್ಲ. ಪ್ರತಿ ಒಡಕಿನಲ್ಲಿಯೂ ಅವರು ಯಾವ ಕಡೆ ಎಂದು ತೀರ್ಮಾನಿಸಬೇಕಾಗುತ್ತಿತ್ತು.

ಪ್ರಕಾಶ್ ಅವರಿಗೆ ಆ ಕಠಿಣ ಗಳಿಗೆ ಬಂದದ್ದು 2007ರ ಅಕ್ಟೋಬರ್‌ನಲ್ಲಿ. ಅಧಿಕಾರ ಹಸ್ತಾಂತರದ ವಿವಾದದಿಂದ ಜೆಡಿಎಸ್–ಬಿಜೆಪಿ ಮೈತ್ರಿ ಮುರಿದಾಗ ಜೆಡಿಎಸ್ ಶಾಸಕರ ಒಂದು ಗುಂಪು ಅವರ ಸುತ್ತ ಸೇರಿ ಕಾಂಗ್ರೆಸ್ ಜತೆ ಸರ್ಕಾರ ರಚಿಸಲು ಯತ್ನಿಸಿತು. ಯತ್ನ ಕೈಗೂಡಲಿಲ್ಲ. ಕಾಂಗ್ರೆಸ್ ವಿರೋಧದಲ್ಲೇ ಬೆಳೆದ ನಾಯಕರು ಮರುವರ್ಷ ಕಾಂಗ್ರೆಸ್ ಸೇರಿದರು.

ಅಷ್ಟರಲ್ಲಿ ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂದಿತ್ತು. ಅದರ ಫಲವಾಗಿ, ಅದುವರೆಗೆ ಸಾಮಾನ್ಯ ಕ್ಷೇತ್ರವಾಗಿದ್ದ ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಮೀಸಲು ಕ್ಷೇತ್ರವಾಗಿದ್ದ ಹರಪನಹಳ್ಳಿ ಸಾಮಾನ್ಯ ಕ್ಷೇತ್ರವಾಯಿತು. ಪ್ರಕಾಶ್ ಹರಪನಹಳ್ಳಿಗೆ ಬಂದರೆ, ಹರಪನಹಳ್ಳಿಯ ಶಾಸಕರಾಗಿದ್ದ ಪಿ.ಟಿ. ಪರಮೇಶ್ವರ ನಾಯ್ಕ ಹಡಗಲಿಗೆ ಹೋದರು. ಜರ್ಮನಿಯಲ್ಲಿ ಮತದಾರನಿಗೆ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷದ ಪಟ್ಟಿಗೆ. ಕ್ಷೇತ್ರ ಕಳೆದುಕೊಂಡ ನಾಯಕ ಪಟ್ಟಿಯ ಮೂಲಕ ಸಂಸತ್ತು ಸೇರಬಹುದು. ನಮ್ಮಲ್ಲಿ ಕ್ಷೇತ್ರವೇ ಎಲ್ಲ. ಇದರಲ್ಲೊಂದು ನೈತಿಕ ಇಕ್ಕಟ್ಟೂ ಇದೆ. ಅವಕಾಶ ವಂಚಿತರಿಗೆ ಅಧಿಕಾರದಲ್ಲಿ ಪಾಲು ಕೊಡಿಸುವುದು ಲೋಹಿಯಾ ವಿಚಾರದ ತಿರುಳು. ಆ ತತ್ವವೇ ತನ್ನ ಊರಿನ ಕ್ಷೇತ್ರಕ್ಕೆ ಅನ್ವಯವಾದಾಗ ಸಮಾಜವಾದಿ ಅದನ್ನು ತಪ್ಪೆನ್ನಲಾರ.

2011ರ ಫೆಬ್ರುವರಿಯಲ್ಲಿ ಪ್ರಕಾಶ್ ನಿಧನರಾದರು. ಹಂಪಿ ಉತ್ಸವ ಎಂದೊಡನೆ ಜನ ಇಂದಿಗೂ ಅವರನ್ನು ನೆನೆಯುತ್ತಾರೆ. ಹಡಗಲಿಯಲ್ಲಿ ಅವರು ಕಟ್ಟಿದ ರಂಗಭಾರತಿ, ಮಲ್ಲಿಗೆಗೆ ಹೆಸರಾದ ಊರನ್ನು ರಂಗಭೂಮಿಯ ನಕ್ಷೆಯಲ್ಲಿಯೂ ಸೇರಿಸಿತು.

ಹರಪನಹಳ್ಳಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆಯನ್ನು ರಚಿಸಿದಾಗ ಈ ತಾಲ್ಲೂಕನ್ನು ಬಳ್ಳಾರಿಯಿಂದ ಬೇರ್ಪಡಿಸಿ ಅದಕ್ಕೆ ಸೇರಿಸಲಾಗಿತ್ತು. ಆ ಸಂಪುಟದಲ್ಲಿ ಪ್ರಕಾಶ್ ಕೂಡ ಸಚಿವರು. ಆ ಬದಲಾವಣೆಯ ನಷ್ಟ ಗೋಚರಿಸಿದ್ದು ಹದಿನೈದು ವರ್ಷಗಳ ಬಳಿಕ. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371–ಜೆ ವಿಧಿ ಬಂದಾಗ ಬಳ್ಳಾರಿಗೆ ಆ ಸೌಲಭ್ಯ ದೊರೆಯಿತು, ದಾವಣಗೆರೆಗೆ ದೊರೆಯಲಿಲ್ಲ. ಹಡಗಲಿಯ ವಿದ್ಯಾರ್ಥಿಗೆ ಸಿಕ್ಕ ಮೀಸಲು ಸೀಟು ತಾಲ್ಲೂಕಿನ ಗಡಿಯಾಚೆಯ ಹರಪನಹಳ್ಳಿಯ ವಿದ್ಯಾರ್ಥಿಗೆ ಇಲ್ಲವಾಯಿತು. 2013ರಲ್ಲಿ ಇಲ್ಲಿಂದ ಶಾಸಕರಾದ ಪ್ರಕಾಶ್ ಅವರ ಪುತ್ರ ಎಂ.ಪಿ. ರವೀಂದ್ರ ಈ ಬೇಡಿಕೆಯನ್ನು ಎತ್ತಿ ಹಿಡಿದರು. ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸಲು ಸರ್ಕಾರ ತೀರ್ಮಾನಿಸಿದ್ದು 2018ರಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ರವೀಂದ್ರ ತೀರಿಕೊಂಡರು.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹಂಪಿ, ಹಡಗಲಿ, ಹರಪನಹಳ್ಳಿ ಮೂರೂ ಒಂದೇ ಜಿಲ್ಲೆಗೆ ಸೇರಿದವು. 2023ರ ಚುನಾವಣೆಯಲ್ಲಿ ಪ್ರಕಾಶ್ ಅವರ ಪುತ್ರಿ ಲತಾ ಮಲ್ಲಿಕಾರ್ಜುನ್ ಹರಪನಹಳ್ಳಿಯಿಂದ ಗೆದ್ದರು. ತಂದೆ ಕಾಂಗ್ರೆಸ್ ಟಿಕೆಟ್ ಹಿಡಿದು ಸೋತ ಕ್ಷೇತ್ರದಲ್ಲಿ ಮಗಳು ಗೆದ್ದದ್ದು ಯಾವ ಪಕ್ಷದ ಚಿಹ್ನೆಯೂ ಇಲ್ಲದೆ, ಪಕ್ಷೇತರ ಅಭ್ಯರ್ಥಿಯಾಗಿ.