ಕುದುರೆಮುಖ: ನಾವಿಕರ ಗುರುತಿನಿಂದ ಚಾರಣದ ಚೀಟಿವರೆಗೆ

ಪಶ್ಚಿಮಘಟ್ಟದ ಕುದುರೆಮುಖ ಶಿಖರ ಸಮುದ್ರಮಟ್ಟದಿಂದ 1,892 ಮೀಟರ್ ಎತ್ತರದಲ್ಲಿದೆ. ಮೂಡಣ ದಿಕ್ಕಿನಲ್ಲಿ ಕಳಸ, ಸಂಸೆಗಳ ಕಡೆಗೆ ಹುಲ್ಲಿನ ಬೋರೆಗಳಾಗಿ ನಿಧಾನವಾಗಿ ಇಳಿಯುವ ಈ ಬೆಟ್ಟ ಪಡುವಣಕ್ಕೆ ಗೋಡೆ ಕಡಿದಂತೆ ಕರಾವಳಿಯತ್ತ ಬೀಳುತ್ತದೆ. ಆ ಕಡೆಯಿಂದ ನೋಡಿದರೆ ಕುದುರೆಯ ಮೋರೆ. ಅರಬ್ಬೀ ಸಮುದ್ರದಲ್ಲಿ ಹಾಯಿ ಬಿಚ್ಚಿ ಬರುತ್ತಿದ್ದ ನಾವಿಕರಿಗೆ ದಡದ ಗುರುತಾಗಿದ್ದುದೂ ಇದೇ ಮೋರೆ.

ಶಿಖರಕ್ಕೆ ಹತ್ತುವ ರೂಢಿ ಬೆಳೆದದ್ದು ಬ್ರಿಟಿಷರ ಕಾಲದಲ್ಲಿ. ದಕ್ಷಿಣ ಕನ್ನಡದ ಅಧಿಕಾರಿಗಳು ಮಂಗಳೂರಿನ ಬೇಸಿಗೆಯ ಸೆಕೆ ತಾಳಲಾರದೆ ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿಕೊಂಡಿದ್ದರು. ಹಳೆಯ ಇಗರ್ಜಿಯದೆಂದು ತೋರಿಸುವ ಕಲ್ಲಿನ ಗೋಡೆಗಳು ಈಗಲೂ ತುದಿಯ ಹತ್ತಿರ ಚಾರಣಿಗರ ಕಣ್ಣಿಗೆ ಬೀಳುತ್ತವೆ. ದಾರಿಯ ನಡುವಿನ ‘ಲೋಬೋ ಮನೆ’, ‘ಒಂಟಿಮರ’ ಎಂಬ ಹೆಸರುಗಳು ಮಾರ್ಗದರ್ಶಿಗಳ ಬಾಯಲ್ಲಿ ಇವತ್ತಿಗೂ ಮೈಲಿಗಲ್ಲುಗಳು.

ಬೆಟ್ಟದ ಹಣೆಬರಹ ಬದಲಾದದ್ದು ಕಾಲ್ನಡಿಗೆಯಲ್ಲಿ ಬಂದ ಇನ್ನೊಬ್ಬರಿಂದ. 1913ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ ಇಲ್ಲಿ ಕಬ್ಬಿಣದ ಅದಿರು ಇರುವುದನ್ನು ಗುರುತಿಸಿದರು. ಅರ್ಧ ಶತಮಾನ ಆ ವಿಷಯ ಕಾಗದದಲ್ಲೇ ಉಳಿಯಿತು. 1969ರಲ್ಲಿ ಮೂವತ್ತು ವರ್ಷದ ಗಣಿ ಗುತ್ತಿಗೆ ಸಿಕ್ಕಿತು. 1976ರಲ್ಲಿ ಇರಾನಿನ ಹಣಕಾಸಿನ ಒಪ್ಪಂದದ ಬಲದ ಮೇಲೆ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. 1979ರ ಕ್ರಾಂತಿಯಲ್ಲಿ ಇರಾನಿನ ಶಾ ಪದಚ್ಯುತನಾದ, ಅಲ್ಲಿಂದ ಬರಬೇಕಿದ್ದ ಹಣ ನಿಂತಿತು, ಗಣಿ ಮಾತ್ರ ನಿಲ್ಲಲಿಲ್ಲ. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಸಾಗಿಸಲಾಗುತ್ತಿತ್ತು. ತೊಳೆದುಳಿದ ಕೆಸರಿಗಾಗಿ ಲಖ್ಯಾ ಹೊಳೆಗೆ ಅಡ್ಡಲಾಗಿ ಅಣೆಕಟ್ಟೆ ಎದ್ದಿತು. ಮಳೆಗಾಲದಲ್ಲಿ ಭದ್ರಾ ನದಿ ಕೆಂಪಗೆ ಹರಿಯಿತು.

ಇದು ಮಲೆನಾಡಿನವರ ತಾಪತ್ರಯ ಮಾತ್ರ ಆಗಿರಲಿಲ್ಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಕಾಡಿನಲ್ಲಿದೆ. ತುಂಗೆ ಭದ್ರೆಯರು ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟೆಯಲ್ಲಿ ತಂಗಿ, ಬಲದಂಡೆಯ ಮೇಲ್ಮಟ್ಟದ ಕಾಲುವೆ ಹಿಡಿದು ಅನಂತಪುರ ಜಿಲ್ಲೆಯವರೆಗೂ ಹೋಗುತ್ತಾರೆ. ಕುದುರೆಮುಖದಲ್ಲಿ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿದರೆ ಆ ಜಿಲ್ಲೆಯ ಸೆಟ್ಟೂರು, ಕಲ್ಯಾಣದುರ್ಗದ ಸೀಮೆಯಲ್ಲಿ ಅದರ ಹತ್ತನೆಯ ಒಂದು ಪಾಲೂ ಬೀಳುವುದಿಲ್ಲ. ಮಳೆನೆರಳಿನ ಆ ಜಿಲ್ಲೆಯ ಕಾಲುವೆಗೂ ಈ ಬೆಟ್ಟದ ಹುಲ್ಲಿಗೂ ನಂಟಿದೆ.

ಗಣಿಯ ಸದ್ದಿನ ನಡುವೆಯೇ 1983–84ರಲ್ಲಿ ಕೆ. ಉಲ್ಲಾಸ ಕಾರಂತರು ಕರ್ನಾಟಕದ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು ಇರುವ ಈ ಕೋತಿ ನೆಲಕ್ಕೆ ಇಳಿಯುವುದು ಕಡಿಮೆ. ಕೊಂಬೆಗೆ ಕೊಂಬೆ ತಾಗಿರುವ ನಿತ್ಯಹರಿದ್ವರ್ಣದ ಕಾಡು ಇಲ್ಲದಿದ್ದರೆ ಅದಕ್ಕೆ ಬದುಕಿಲ್ಲ. ಕುದುರೆಮುಖದಲ್ಲಿ ಅದರ ಸಂತತಿ ಗಟ್ಟಿಯಾಗಿ ಉಳಿದಿದೆಯೆಂಬುದನ್ನು ಸಮೀಕ್ಷೆ ತೋರಿಸಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲು ಇದು ದೊಡ್ಡ ಕಾರಣ. ಬೆಟ್ಟದ ಇತಿಹಾಸದಲ್ಲಿ ಇದಕ್ಕಿಂತ ಫಲ ಕೊಟ್ಟ ಚಾರಣ ಇನ್ನೊಂದಿಲ್ಲ.

ಗುತ್ತಿಗೆ ಮುಗಿದರೂ ಗಣಿ ಮುಂದುವರಿದಾಗ, ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಹೆಸರು ಮಾಡಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಂಪನಿಯ ಊರು ಖಾಲಿಯಾಗುತ್ತ ಬಂತು. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಅವುಗಳಲ್ಲಿ ಈ ಉದ್ಯಾನವೂ ಇತ್ತು.

ಆ ನಡುವೆ ಕೆಲವು ವರ್ಷ ಚಾರಣಿಗರಿಗೆ ಇಲ್ಲಿಗೆ ಬರಲು ಅಳುಕಿತ್ತು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ, 2005ರ ಫೆಬ್ರುವರಿಯಲ್ಲಿ ಮೆಣಸಿನಹಾಡ್ಯದಲ್ಲಿ ನಕ್ಸಲರಿಗೂ ಪೊಲೀಸರಿಗೂ ಗುಂಡಿನ ಕಾಳಗ ನಡೆದಿತ್ತು. ಆ ದಿಗಿಲು ತಣ್ಣಗಾದ ಮೇಲೆ ಬಂದದ್ದು ಬೆಂಗಳೂರಿನ ವಾರಾಂತ್ಯದ ದಂಡು. ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಶನಿವಾರ ಬೆಳಗ್ಗೆ ಜೀಪಿನಲ್ಲಿ ಮುಳ್ಳೋಡಿಗೆ ಬಂದು, ಹೋಗಿ ಬರಲು ಇಪ್ಪತ್ತು ಕಿಲೋಮೀಟರಿನಷ್ಟು ನಡೆದು ಸಂಜೆಗೆ ಇಳಿಯುವ ಕ್ರಮ ರೂಢಿಯಾಯಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಘಟ್ಟದ ಇನ್ನೊಂದು ಚಾರಣದ ಬೆಟ್ಟವಾದ ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರ ಎಲ್ಲೆಡೆ ಹರಿದಾಡಿದ ಮೇಲೆ ಸರ್ಕಾರ ಎಚ್ಚೆತ್ತಿತು. ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳಿಗೆ ತಡೆ ಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಶುರುವಾಗಿ, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಬೆಟ್ಟ ಹತ್ತಬೇಕಾದರೆ ಈಗ ಚೀಟಿ ಬೇಕು.

ಚಿತ್ತೆ, ಸ್ವಾತಿ ಮಳೆ ಕಳೆದು ಚಳಿ ಕಾಲಿಡುವ ತಿಂಗಳು ಇಲ್ಲಿ ನಡೆಯಲು ಹೇಳಿ ಮಾಡಿಸಿದ ಕಾಲ. ಮಳೆಗಾಲದಲ್ಲಿ ಬಟ್ಟೆಯೊಳಗೆ ನುಸುಳುವ ಇಂಬಳ ಆಗ ಕಡಿಮೆಯಾಗಿರುತ್ತದೆ. ಇದ್ದರೂ ಸುಣ್ಣ ತಂಬಾಕು ಕಟ್ಟಿದ ಬಟ್ಟೆಯ ಗಂಟೊಂದನ್ನು ಕಾಲಿಗೆ ಸವರಿದರೆ ಸಾಕು, ಉದುರಿಬೀಳುತ್ತದೆ. ಬೋರೆಯ ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ. ತೆಳುಮಣ್ಣಿನ, ಗಾಳಿ ಬಡಿಯುವ ದಿಣ್ಣೆಗಳಲ್ಲಿ ಹುಲ್ಲು, ನೀರು ನಿಲ್ಲುವ ಕಣಿವೆಗಳಲ್ಲಿ ಕುಳ್ಳು ಮರಗಳ ಶೋಲಾ. ಇವೆರಡರ ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ಸ್ಪಷ್ಟ. ಬಿಸಿಲಿನಿಂದ ಶೋಲಾದೊಳಗೆ ಕಾಲಿಟ್ಟರೆ ಹತ್ತೇ ಹೆಜ್ಜೆಗೆ ಮೈ ತಣ್ಣಗಾಗುತ್ತದೆ. ಪಾಚಿ ಹೊದ್ದ ಬೊಡ್ಡೆ, ಕಾಲಡಿ ಕೊಳೆತ ಎಲೆಯ ಮೆತ್ತೆ, ಹಳ್ಳದ ಬದಿಯಿಂದ ಮನುಷ್ಯರಂತೆ ಶಿಳ್ಳೆ ಹಾಕುವ ಕಡುನೀಲಿ ಸಿಳ್ಳಾರ ಹಕ್ಕಿ. ಸ್ಪಂಜಿನಂತೆ ನೀರು ಹಿಡಿದು ಬೇಸಿಗೆಗೂ ತೊಟ್ಟಿಕ್ಕಿಸುವುದು ಈ ಜೋಡಿಯೇ. ಹುಲ್ಲನ್ನು ಪಾಳುಭೂಮಿಯೆಂದು ಬಗೆದು ಮರ ನೆಟ್ಟ ಹಳೆಯ ಪ್ರಯೋಗಗಳು ಈ ಸೂಕ್ಷ್ಮವನ್ನು ಅರಿಯಲಿಲ್ಲ.

ಚಾರಣದ ತಂಡದ ಜೊತೆ ಹೋಗುವ ಮಾರ್ಗದರ್ಶಿಗಳು ಬಹುಮಟ್ಟಿಗೆ ಸುತ್ತಲ ಹಳ್ಳಿಗಳವರು. ಕಾಟಿ ಮೇಯ್ದ ಜಾಗ, ಕಡವೆಯ ಹೆಜ್ಜೆ, ಮಂಜು ಯಾವ ಕಡೆಯಿಂದ ಮುಸುಕುತ್ತದೆ ಎಂಬುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಅಂಥವರನ್ನು ತಲೆಯೆಣಿಸಿ ಹೊತ್ತಿಗೆ ಸರಿಯಾಗಿ ಜನರನ್ನು ಇಳಿಸುವ ಕೆಲಸಕ್ಕೆ ಮಾತ್ರ ಬಳಸಿಕೊಳ್ಳುವುದು ದಡ್ಡತನ. ಮುನ್ನೂರು ಜನರ ಮಿತಿ ದಾರಿಯ ಸವಕಳಿಯನ್ನು ಒಂದಿಷ್ಟು ತಡೆಯಬಹುದು, ಹುಲ್ಲನ್ನೂ ಶೋಲಾವನ್ನೂ ಓದಲು ಕಲಿಸುವುದಿಲ್ಲ. ಕುದುರೆಮುಖಕ್ಕೆ ಹೋಗುವವರು ತುದಿಯ ಫೋಟೋಗೆ ಓಡುವ ಮೊದಲು ದಾರಿಯ ಗಿಡಮರಗಳ ಹೆಸರನ್ನು ಮಾರ್ಗದರ್ಶಿಯನ್ನು ಕೇಳಿ ತಿಳಿದುಕೊಳ್ಳಲಿ.